ದೋಣಿ ಮಿಸ್ತ್ರಿಯ ಅಂಗೈ

ದಾನೋಳಿಯ ದೋಣಿ ಮಿಸ್ತ್ರಿ, ಹಳೆಯ ಎಂಜಿನ್ ತನ್ನ ತಂಪಿಗೆಂದು ಹೀರಿ ಹೊರಗೆ ಉಗುಳುವ ನೀರಿನ ಎಳೆಗೆ ಅಂಗೈ ಒಡ್ಡಿ ಕಣ್ಣು ಮುಚ್ಚುತ್ತಿದ್ದರು. "ಉಗುರಬೆಚ್ಚಗ ಐತ್ರಿ" ಎಂದ ಮೇಲೆಯೇ ದೋಣಿ ಹೊರಡುತ್ತಿತ್ತು.

ಮಹಾಪೂರದ ದಿನ ಅವರ ಹೆಂಡತಿ ಕಬ್ಬಿನ ಗದ್ದೆಯಾಚೆ ಮಾಳಿಗೆಯ ಮೇಲೆ ಸಿಕ್ಕಿಬಿದ್ದಿದ್ದರು. ಅವರನ್ನು ಕರೆತರಲು ಮಿಸ್ತ್ರಿಯ ಜೊತೆ ನಾನೂ ದೋಣಿ ಹತ್ತಿದೆ. ಅರ್ಧ ದಾರಿಯಲ್ಲಿ ನೀರಿನ ಎಳೆ ನಿಂತಿತು. ಎಂಜಿನ್ ಕಾದು ಹೊಗೆಯಾಡಿತು.

"ಹಂಗ ಹೊಡೀರಿ ಮಿಸ್ತ್ರಿ, ಮುಟ್ಟತೈತಿ!" ಎಂದೆ.

"ಸುಟ್ಟ ಹೋದ್ರ ಹೊಳ್ಳಿ ಬರೂದ ಹೆಂಗ್ರಿ?"

ಎಂಜಿನ್ ಆರಿಸಿ ಎತ್ತಿ, ನೀರು ಹೀರುವ ಜಾಲರಿಗೆ ಸುತ್ತಿಕೊಂಡಿದ್ದ ಕಬ್ಬಿನ ಒಣಗರಿಯ ರವದಿಯನ್ನು ಒಂದೊಂದೇ ಎಸಳಾಗಿ ಬಿಡಿಸಿದರು. ಆಮೇಲೆ ಎಂಜಿನ್ ತಣ್ಣಗಾಗುವವರೆಗೂ ಕಾದರು. ಮುಳುಗಿದ ಕಬ್ಬಿನ ಸುಳಿಗಳ ಮೇಲೆ ದೋಣಿ ಸದ್ದಿಲ್ಲದೆ ತೇಲುತ್ತಿತ್ತು. ಕೊನೆಗೆ ಎಂಜಿನ್ ಮತ್ತೆ ಶುರುವಾಗಿ ನೀರಿನ ಎಳೆ ಚಿಮ್ಮಿತು; ಮಾಳಿಗೆ ಮುಟ್ಟಿದೆವು.

ದೋಣಿ ಹತ್ತಿದ ಹೆಂಡತಿ ನಡುಗುತ್ತಲೇ ಬೈದರು: "ಇಷ್ಟ ತಡಾ ಏನ್ರಿ? ನಾ ಸತ್ತಿದ್ರ?"

ಮಿಸ್ತ್ರಿ ಅವರ ಕೈ ಹಿಡಿದು ನೀರಿನ ಎಳೆಗೆ ಒಡ್ಡಿದರು.

"ಬೆಚ್ಚಗ ಐತ್ರಿ," ಎಂದು ಆಕೆ ಕಣ್ಣು ಮುಚ್ಚಿದರು.