ಮೂರನೆಯ ಮುದ್ರಣದ ಹಕ್ಕಿಗಳು

ಹಕ್ಕಿ ಅಕ್ಕನಿಗೆ ಕಿವಿಯೇ ಬಂಡವಾಳ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, 'ಹಲೋ' ಅಂದ ಮಾತ್ರಕ್ಕೆ ಇಂಥವರೇ ಎಂದು ಹೇಳಿಬಿಡುತ್ತಿದ್ದಳು. ಅದೇ ಕಿವಿ ನಂಬಿ ಕೆರೆ, ಗುಡ್ಡ ಸುತ್ತಿ ತನ್ನ ಸೀಮೆಯ ಹಕ್ಕಿಗಳ ಮೇಲೆ ಪುಸ್ತಕ ಬರೆದಳು. ದುರ್ಬೀನು ಹೊತ್ತು ಬರುವ ಪಂಡಿತರನ್ನು ಕಂಡರೆ ಅವಳಿಗೆ ನಗು. "ಅದು ಕಾಣೋ ತನಕ ಕಾಯ್ತೀರಾ? ನಾನಾಗ್ಲೇ ಮಾತಾಡಿಸ್ಕೊಂಡು ಬಂದೆ" ಎಂದು ಕಾಲೆಳೆಯುತ್ತಿದ್ದಳು. ಮದುವೆಯಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಗೂಡಿನ ಪುರಾಣ ತೆಗೆದು ಅವರನ್ನೇ ಸುಸ್ತು ಮಾಡಿ ಕಳಿಸುತ್ತಿದ್ದಳು.

ಎಪ್ಪತ್ತು ದಾಟಿ ಮೂರನೆಯ ಮುದ್ರಣಕ್ಕೆ ತಿದ್ದಲು ಕೂತಾಗ ಮಾತ್ರ ಕೈ ಓಡಲಿಲ್ಲ. ನಾಲ್ಕು ವರ್ಷದಿಂದ ಬದನಿಕೆ ಹಕ್ಕಿಯ ಸುಳಿವಿಲ್ಲ. ಹೆಬ್ಬೆಟ್ಟಿನಷ್ಟು ಜೀವ, ಎಲೆಯ ಮರೆ ಬಿಟ್ಟು ಬರುವುದೇ ಅಪರೂಪ. ಟಿಕ್ ಟಿಕ್ ಎಂಬ ಕೀರಲು ದನಿಯಿಂದಲೇ ಗುರುತು ಹಿಡಿಯಬೇಕು. ಅದರ ಹಿಂದೆಯೇ ಕೀರಲು ದನಿಯ ಇನ್ನೂ ಮೂರು ಹೋದವು. ಬೆಳಗಿನ ಹೊತ್ತು ಮನೆ ಬಿಕೋ ಎನ್ನುತ್ತಿತ್ತು. ಎಲ್ಲರ ಹಾಗೆ ಇವೂ ನನ್ನನ್ನು ಬಿಟ್ಟವು ಎಂದು ಸಂಕಟಪಡುತ್ತಲೇ ನಾಲ್ಕರ ಮುಂದೆಯೂ 'ಈಗ ಇಲ್ಲಿಲ್ಲ' ಎಂದು ಬರೆದು ಪ್ರೆಸ್ಸಿಗೆ ಕೊಟ್ಟಳು.

ಅಚ್ಚಿಗೆ ಹೋಗುವ ಹಿಂದಿನ ದಿನ ತಂಗಿ ಬಂದಳು, ಆರು ವರ್ಷದ ಮೇಲೆ, ಅದೂ ಒಂದೇ ದಿನದ ಮಟ್ಟಿಗೆ. ಮರುದಿನ ಬೆಳಿಗ್ಗೆ ಕಣ್ಣುಜ್ಜುತ್ತ ಎದ್ದವಳೇ ಗೊಣಗಿದಳು.

"ಏನಕ್ಕ ಇದು, ಕಿಟಕಿ ಹತ್ರ ಈ ಪಾಟಿ ಗಲಾಟೆ! ಅದ್ಹೇಗೆ ನಿದ್ದೆ ಮಾಡ್ತೀಯೋ, ದೇವರೇ ಬಲ್ಲ."

"ಎಂಥಾ ಗಲಾಟೆ?"

"ಅಯ್ಯೋ, ಕೇಳ್ತಿಲ್ವಾ? ಟಿಕ್ ಟಿಕ್ ಟಿಕ್ ಅಂತ. ತಲೆ ಚಿಟ್ಟು ಹಿಡೀತು!"

ಅಕ್ಕ ದಡಬಡಿಸಿ ಎದ್ದಳು. ಕನ್ನಡಕ ಹಾಕಿಕೊಂಡು ಕಿಟಕಿಗೆ ಮುಖವೊತ್ತಿ ಬಹಳ ಹೊತ್ತು ಹುಡುಕಿದಳು. ಎಲೆಗಳ ಸಂದಿಯಲ್ಲಿ ಬದನಿಕೆ ಹಕ್ಕಿ ಕೂತಿತ್ತು. ಪುಟ್ಟ ಕೊಕ್ಕು ತೆರೆದು ಮುಚ್ಚುತ್ತಿತ್ತು, ಗಂಟಲು ಅದುರುತ್ತಿತ್ತು. ತಂಗಿಯ ಮಾತು ಕೇಳುತ್ತಿತ್ತು, ಆ ಕೀರಲು ದನಿ ಮಾತ್ರ ಅವಳಿಗೆ ಕೇಳಿಸಲಿಲ್ಲ.

"ಇನ್ನೆರಡು ದಿನ ಇರೇ" ಎಂದಳು. ಹಿಂದೆಂದೂ ಹಾಗೆ ಯಾರನ್ನೂ ಕೇಳಿದವಳಲ್ಲ.

"ಟಿಕೆಟ್ ಆಗೋಗಿದೆಯಲ್ಲಕ್ಕ" ಎಂದು ತಂಗಿ ಹೊರಟೇಬಿಟ್ಟಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿಬಿಟ್ಟರೆ ಹಕ್ಕಿ ಅಕ್ಕನ ಕಿವಿ ಹೋಯಿತಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಪ್ರೆಸ್ಸು ತೆರೆಯುವ ಹತ್ತು ಗಂಟೆಯವರೆಗೆ ಫೋನಿನ ಮುಂದೆ ಕೂತಿದ್ದು, ಕೊನೆಗೆ ಪ್ರೆಸ್ಸಿಗೆ ಫೋನು ಮಾಡಿದಳು.

"ಬದನಿಕೆ ಹಕ್ಕಿ ಇದೆ ಅಂತ ಹಾಕಪ್ಪಾ."

"ಮತ್ತೆ ಕೂಗ್ತಾ ಅಕ್ಕಾ?" ಪ್ರೆಸ್ಸಿನವನಿಗೂ ಖುಷಿ. "ಉಳಿದ ಮೂರು?"

"ಅವುಗಳ ಮುಂದೆ 'ಈಗ ಇಲ್ಲಿಲ್ಲ' ಅನ್ನೋದು ತೆಗಿ. 'ಬರೆದವಳಿಗೆ ಕೇಳಿಸುವುದಿಲ್ಲ' ಅಂತ ಹಾಕು."

"ಹಾಗಂತ ಅಚ್ಚು ಹಾಕಕ್ಕಾಗುತ್ತಾ ಅಕ್ಕಾ?"

"ಹಾಕು" ಎಂದು ಫೋನಿಟ್ಟು, ಒಬ್ಬಳೇ ಕೂತು ಗಟ್ಟಿಯಾಗಿ ಅತ್ತಳು.