ಸರ್ಪದ್ದು ಸ್ವಲ್ಪ ತೊಂದರೆ

ಅಜ್ಜಾವರದಿಂದ ಅಕ್ಕ ಫೋನ್ ಮಾಡಿದ ಕೂಡಲೇ ಆಸ್ಪತ್ರೆಗೆ ಹೋಗೆಂದು ಹೇಳಿದ್ದೆ ಎಂದೇ ನಾನು ನಂಬಿಕೊಂಡಿದ್ದೆ. ಡೈರಿಯಲ್ಲಿ ಹಾಗಿಲ್ಲ. ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇರುವುದು ಇಷ್ಟು: "ಅಕ್ಕನ ಫೋನ್. ಸರ್ಪದ್ದು ಸ್ವಲ್ಪ ತೊಂದರೆ ಉಂಟಂತೆ. ಸುಬ್ರಹ್ಮಣ್ಯಕ್ಕೆ ಹೋಗಿ ಬಾ ಎಂದೆ."

ನಮ್ಮ ಕಡೆ ಸರ್ಪದ ತೊಂದರೆ ಎಂದರೆ ಮೊದಲು ನೆನಪಾಗುವುದು ನಾಗದೋಷ. ಆಗ ಅವಳ ಎದೆಯ ಗಡ್ಡೆ ತೆಗೆದು, ಸುಳ್ಯದಲ್ಲಿ ಕೀಮೋ ಕೊಡುತ್ತಿದ್ದರು. ಮುಂದಿನ ಸರದಿ ಗುರುವಾರ. ಕಾಯಿಲೆಯ ಮನೆಯಲ್ಲವೇ, ಯಾರೋ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿರಬೇಕು ಎಂದುಕೊಂಡೆ. ಜೀವಶಾಸ್ತ್ರ ಓದಿದವಳಾದರೂ ವಾದಕ್ಕೆ ಇಳಿಯಲಿಲ್ಲ, ಏನೆಂದು ಬಿಡಿಸಿ ಕೇಳಲೂ ಇಲ್ಲ. ಅವಳು ಹೇಳಿದ್ದು ಮೈಗೆ ಸುತ್ತಿಕೊಂಡಂತೆ ಗುಳ್ಳೆ ಏಳುವ ಸರ್ಪಸುತ್ತಿನ ವಿಷಯ.

ಮಂಗಳವಾರ ನಾನಿರುವ ದರ್ಬೆಯಿಂದ ಬಸ್ಸು ಹಿಡಿದು ಹೋದಾಗ ಅವಳು ಕವುಚಿ ಮಲಗಿದ್ದಳು. ಎಡ ಪಕ್ಕೆಯಿಂದ ಬೆನ್ನಿನವರೆಗೆ ಕೆಂಪು ಕಾವಿ ಬಳಿದಿತ್ತು. ಅದರಡಿಯಲ್ಲಿ ಗುಳ್ಳೆಗಳು.

"ಯಾರು ಹಚ್ಚಿದ್ದು?"

"ಕಡಬದ ಒಬ್ಬರು ಅಜ್ಜ. ಸರ್ಪದ ತಲೆಯೂ ಬಾಲವೂ ಸೇರಬಾರದಂತೆ, ಸೇರಿದ್ರೆ ಮುಗೀತಂತೆ. ಹೋಗು ಅಂದದ್ದು ನೀನೇ ಅಲ್ವಾ?"

"ನಾನು ಸುಬ್ರಹ್ಮಣ್ಯಕ್ಕೆ ಅಂದದ್ದು ಮಾರಾಯ್ತಿ!"

"ಅಲ್ಲಿಗೂ ಹೋಗಿಯೇ ಬಂದದ್ದು. ನಿನ್ನ ಮಾತು ತಪ್ಪಲಿಕ್ಕುಂಟಾ?"

ಆಟೋದಲ್ಲಿ ಸುಳ್ಯಕ್ಕೆ ಹೋಗುವಾಗ ವಿವರಿಸಿದೆ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ನರದ ಬುಡದಲ್ಲಿ ಉಳಿದಿರುತ್ತದೆ. ವೈರಸ್ ಹೊಕ್ಕ ಜೀವಕೋಶ ಅದರ ಚೂರೊಂದನ್ನು ತನ್ನ ಮೈಮೇಲೆ ತೋರಿಸುತ್ತದೆ. ರಕ್ತದಲ್ಲಿ ಕಾವಲಿರುವ ಟಿ ಕೋಶಗಳು ಅದನ್ನು ಗುರುತಿಸಿ ಆ ಕೋಶವನ್ನೇ ಕೊಲ್ಲುತ್ತವೆ. ಕ್ಯಾನ್ಸರ್ ಕೋಶವನ್ನೂ ಹೀಗೆಯೇ ಹಿಡಿಯಬಲ್ಲವು. ಕೀಮೋದಿಂದ ಈ ಟಿ ಕೋಶಗಳ ಬಲವೂ ಕುಗ್ಗಿದೆ, ಅದಕ್ಕೇ ವೈರಸ್ ಎದ್ದಿದೆ.

"ಹಾಗಾದ್ರೆ ಗಡ್ಡೆ ಬೆಳೆಯುವಾಗ ಅವು ಎಂತ ಮಾಡ್ತಿದ್ದವು?"

"ಕೆಲವು ಗಡ್ಡೆ ಗುರುತು ಮರೆಸಿಕೊಳ್ತದೆ. ಕೆಲವು, ಹತ್ತಿರ ಬಂದ ಟಿ ಕೋಶವನ್ನೇ ಸುಮ್ಮನಿರಿಸ್ತದೆ."

"ನಮ್ಮ ಪಂಚಾಯತಿನ ಹಾಗೆ" ಎಂದಳು. ಡ್ರೈವರ್ ನಕ್ಕ.

ಡಾಕ್ಟರು ಒದ್ದೆ ಹತ್ತಿಯಿಂದ ಕಾವಿ ಒರೆಸಿದರು. ಮೊದಲು ನೋಡಿದ್ದು ಗುಳ್ಳೆ ಬೆನ್ನುಮೂಳೆಯ ಗೆರೆ ದಾಟಿದೆಯೇ ಎಂದು. ಟಿ ಕೋಶಗಳು ಗಟ್ಟಿ ಇದ್ದವರಲ್ಲಿ ಗುಳ್ಳೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ, ಒಂದು ನರದ ಪಟ್ಟಿಯಲ್ಲಿ ನಿಲ್ಲುತ್ತದೆ. ಇವಳಂಥವರಲ್ಲಿ ಮೈತುಂಬ ಹರಡಿ ಶ್ವಾಸಕೋಶಕ್ಕೂ ಇಳಿಯಬಹುದು. ಕಡಬದ ಅಜ್ಜನೂ ಅಲ್ಲೇ ಬೆರಳಿಟ್ಟು ನೋಡಿದ್ದರೆಂದು ಅಕ್ಕ ಹೇಳಿದ ನೆನಪು. ಈ ಹೋಲಿಕೆಯನ್ನು ನಾನೇ ಆಮೇಲೆ ಹೊಂದಿಸಿಕೊಂಡಿರಲೂಬಹುದು. ಡೈರಿಯಲ್ಲಿ ಇರುವುದು ಒಂದೇ ಪದ: "ದಾಟಿಲ್ಲ."

"ಗುಳ್ಳೆ ಎದ್ದು ಎಷ್ಟು ದಿನ ಆಯ್ತು?"

"ಇವತ್ತಿಗೆ ನಾಲ್ಕು."

"ಮೂರು ದಿನದ ಒಳಗೆ ಬರ್ಬೇಕಿತ್ತು. ಪರವಾಗಿಲ್ಲ, ಮದ್ದು ಈಗಲೇ ಶುರು ಮಾಡುವ. ಆದ್ರೆ ಗುರುವಾರ ಕೀಮೋ ಇಲ್ಲ. ಎಲ್ಲ ಒಣಗಿದ ಮೇಲೆ."

"ಅಷ್ಟರಲ್ಲಿ ಗಡ್ಡೆ ಪುನಃ ಹುಟ್ಟಿದ್ರೆ?" ಅಕ್ಕ ಕೇಳಿದಳು. ಕೇಳಿದ್ದು ಡಾಕ್ಟರನ್ನು, ನೋಡಿದ್ದು ನನ್ನನ್ನು. ಕೆಲವು ದಿನ ತಡವಾದರೆ ಹೆಚ್ಚೇನೂ ಆಗದು ಎಂದರು ಅವರು. ಆಗುವುದೇ ಇಲ್ಲ ಎನ್ನಲಿಲ್ಲ.

ಗುಳ್ಳೆಗಳು ಹರಡಲಿಲ್ಲ. ಹಕ್ಕಳೆ ಕಟ್ಟಿ ಉದುರಲು ಎರಡು ವಾರ ಹಿಡಿಯಿತು. ನಾನು ಭಾನುವಾರವೇ ಒಂದು ಮಾತು ಕೇಳಿದ್ದರೆ ಅದರಲ್ಲಿ ಎಷ್ಟು ದಿನ ಉಳಿಯುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಲೆಕ್ಕ ಹಾಕಲಿಕ್ಕೆ ಆಗುವುದಿಲ್ಲ ಎಂದರು.

ಕೀಮೋ ಮತ್ತೆ ಶುರುವಾದ ದಿನ ನಾನೂ ಜೊತೆಗಿದ್ದೆ. ಎಡಕ್ಕೆ ಹೊರಳಿದರೆ ಇನ್ನೂ ಉರಿಯುತ್ತದೆ ಎಂದು ಅವಳು ಬಲಕ್ಕೆ ವಾಲಿ ಕೂತಳು, ನರ್ಸ್ ಕಡೆಗೆ ಕೈ ಚಾಚಿದಳು. ನನ್ನ ಕಡೆ ತಿರುಗದೆಯೇ ಹೇಳಿದಳು: "ಇನ್ನು ಫೋನಿನಲ್ಲಿ ಎಂತ ಹೇಳಿದ್ರೂ ಎರಡು ಸಲ ಕೇಳು."