ಬಾರದ ಜ್ವರದ ಸರ್ಟಿಫಿಕೇಟು

೧೯೯೭ರಲ್ಲಿ ನಾನು ಅರಸೀಕೆರೆಯ ಒಂದು ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ ಆದ್ದರಿಂದ ಮುಖ್ಯಸ್ಥನ ಆಜ್ಞೆಯನ್ನು ಯಾರೂ ಮೀರಿದ ದಾಖಲೆಯಿಲ್ಲ. ಅಂತಿಮ ಬಿ.ಎ.ಗೆ ಹದಿನೆಂಟನೇ ಶತಮಾನದ ಒಬ್ಬ ಮಹಾನ್ ಜರ್ಮನ್ ತತ್ತ್ವಜ್ಞಾನಿಯ ವಿಚಾರಗಳನ್ನು ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ವಿದ್ಯಾರ್ಥಿಗಳು ಆತನನ್ನು ‘ಜರ್ಮನ್ ಮೇಷ್ಟ್ರು’ ಎನ್ನುತ್ತಿದ್ದರು. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಜರ್ಮನ್ ಮೇಷ್ಟ್ರ ನೀತಿ ಸರಳ. ನೀನು ಮಾಡುವುದನ್ನು ಎಲ್ಲರೂ ಮಾಡಿದರೆ ಲೋಕ ನಡೆಯುತ್ತದೆಯೇ ಎಂದು ಕೇಳಿಕೋ. ನಡೆಯುವುದಾದರೆ ಮಾತ್ರ ಮಾಡು. ಸುಳ್ಳು ಈ ಪರೀಕ್ಷೆಯಲ್ಲಿ ಎಂದೂ ಪಾಸಾಗದು, ಆದ್ದರಿಂದ ಯಾವ ಕಾರಣಕ್ಕೂ ಸುಳ್ಳಾಡಬೇಡ. ಇದನ್ನು ಹನ್ನೊಂದು ವರ್ಷ ಒಂದೇ ನೋಟ್ಸಿನಿಂದ, ಅಲ್ಪವಿರಾಮ ಸಮೇತ, ಬರೆಸಿದ್ದೆ. ಬರೆದುಕೊಂಡವರಾರೂ ಪಾಲಿಸಿದ್ದು ಕಾಣೆ. ಬರೆಸಿದವನೂ ಅಷ್ಟೇ.

ಆ ವರ್ಷ ಸುಜಾತ ಎಂಬ ವಿದ್ಯಾರ್ಥಿನಿ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹತ್ತು ಗಂಟೆಗೆ ನನ್ನ ತರಗತಿ. ಅವಳ ಬಸ್ಸು ಬಾಣಾವರದ ರೈಲ್ವೆ ಗೇಟಿನಲ್ಲಿ ಧ್ಯಾನಕ್ಕೆ ನಿಂತು, ಹತ್ತೂಕಾಲಿಗೆ ಮುಂಚೆ ಅರಸೀಕೆರೆ ಕಂಡದ್ದಿಲ್ಲ. ಜರ್ಮನ್ ಮೇಷ್ಟ್ರು ಸಂಜೆ ವಾಕಿಂಗ್ ಹೊರಟರೆ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ನಮ್ಮ ಬಸ್ಸನ್ನು ನೋಡಿ ಕ್ಯಾಲೆಂಡರನ್ನು ಸರಿಮಾಡಿಕೊಳ್ಳಬಹುದಿತ್ತು. ಹಾಜರಿ ಕರೆದ ಮೇಲೆ ಬಂದವರು ಗೈರುಹಾಜರು ಎಂಬುದು ನನ್ನ ಶಿಸ್ತು. ಹೀಗಾಗಿ ಪರೀಕ್ಷೆಗೆ ಕೂರಲು ಶೇಕಡ ಎಪ್ಪತ್ತೈದು ಹಾಜರಿ ಬೇಕಾದಲ್ಲಿ ಎಲ್ಲ ವಿಷಯಗಳೂ ಸೇರಿ ಅವಳಿಗೆ ಅರವತ್ತಾರೇ ಇತ್ತು. ಈ ವರ್ಷ ಪಾಸಾಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಪರೀಕ್ಷೆ ತಪ್ಪಿದರೆ ಪದವಿಯೂ ಇಲ್ಲ, ಬಿ.ಎಡ್. ಮಾಡಿ ಟೀಚರಾಗುವ ಆಸೆಯೂ ಇಲ್ಲ.

ಇದಕ್ಕೆ ನಮ್ಮಲ್ಲಿ ಒಂದು ಸನಾತನ ಪರಿಹಾರವಿತ್ತು: ಮೆಡಿಕಲ್ ಸರ್ಟಿಫಿಕೇಟ್. ಕಾಯಿಲೆಯಾಗಿತ್ತೆಂದು ಡಾಕ್ಟರು ಬರೆದುಕೊಟ್ಟರೆ, ವಿಭಾಗದ ಮುಖ್ಯಸ್ಥ ರುಜು ಹಾಕಿದರೆ, ವಿಶ್ವವಿದ್ಯಾಲಯ ಹಾಜರಿಯ ಕೊರತೆಯನ್ನು ಮನ್ನಿಸುತ್ತಿತ್ತು. ಪ್ರತಿ ಮಾರ್ಚಿನಲ್ಲೂ ಕಾಲೇಜಿಗೆ ಟೈಫಾಯಿಡ್ ಬರುತ್ತಿತ್ತು. ಏಪ್ರಿಲ್ಲಿನಲ್ಲಿ, ಯಾರನ್ನೂ ಹಾಸಿಗೆ ಹಿಡಿಸದೆ, ಹೊರಟುಹೋಗುತ್ತಿತ್ತು. ಸುಜಾತಳನ್ನು ಸ್ಟಾಫ್ ರೂಮಿಗೆ ಕರೆದು, ಟೈಫಾಯಿಡ್ ಎಂದು ಒಂದು ಕಾಗದ ತಂದುಬಿಡು ಎಂದು ನಾನೇ ಹೇಳಿದೆ.

“ನಂಗೆ ಜ್ವರ ಬಂದಿರ್ಲಿಲ್ಲ ಸಾರ್. ಬಸ್ ಲೇಟು.”

“ಗೊತ್ತಮ್ಮ. ಎಲ್ಲರೂ ಕೊಡೋದು ಇದನ್ನೇ.”

“ಎಲ್ರೂ ಕೊಟ್ರೆ ನಿಜವಾಗ್ಲೂ ಜ್ವರ ಬಂದೋರನ್ನ ಯಾರು ನಂಬ್ತಾರೆ ಸಾರ್? ನೀವೇ ಬರೆಸಿದ್ದು. ನೋಟ್ಸ್ ಇಲ್ಲೇ ಐತೆ.”

ಬ್ಯಾಗಿನಿಂದ ತೆಗೆದೂ ತೋರಿಸಿದಳು. ಅಲ್ಪವಿರಾಮಗಳೆಲ್ಲ ಸರಿಯಾಗಿದ್ದವು.

ನನಗೆ ಸಿಟ್ಟು ಬಂತು, ಮೊದಲು ಅವಳ ಮೇಲೆಯೇ. ಹನ್ನೊಂದು ವರ್ಷಕ್ಕೆ ಒಬ್ಬಳು ಪಾಠವನ್ನು ನಂಬಿಬಿಟ್ಟಿದ್ದಳು, ಅಂಥ ತುರ್ತುಸ್ಥಿತಿಗೆ ವಿಭಾಗದಲ್ಲಿ ಯಾವ ಸಿದ್ಧತೆಯೂ ಇರಲಿಲ್ಲ. ಬಸ್ಸಿನ ಮಾತು ನೆಪವೇ ಇರಬೇಕೆಂದು ಸಾಬೀತು ಮಾಡಲು ಬೇಲೂರಿನ ತಂಗಿಯ ಮನೆಯಲ್ಲಿ ಒಂದು ವಾರ ಉಳಿದೆ. ದಿನಾ ಬೆಳಿಗ್ಗೆ ಹಳೇಬೀಡಿಗೆ ಹೋಗಿ ಅವಳ ಬಸ್ಸನ್ನೇ ಹತ್ತಿದೆ. ಆರು ದಿನವೂ ನನ್ನ ತರಗತಿಗೆ ನಾನೇ ತಡವಾಗಿ ಬಂದೆ. ನನಗೆ ಮಾತ್ರ ಯಾರೂ ಗೈರುಹಾಜರಿ ಹಾಕಲಿಲ್ಲ.

ಮರು ಸೋಮವಾರ ಸರ್ಟಿಫಿಕೇಟಿನ ಜಾಗದಲ್ಲಿ ಮೂರು ವಾಕ್ಯ ಬರೆದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ: ಈಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಬಸ್ಸು ತಡವಾಗುತ್ತಿತ್ತು. ನಾನೂ ಅದರಲ್ಲಿದ್ದೆ.

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. “ಏನ್ರೀ ಇದು? ಫಾರಂನಲ್ಲಿ ಬಸ್ಸಿಗೆ ಕಾಲಂ ಇಲ್ಲ. ಸುಮ್ನೆ ಜ್ವರ ಅಂತ ಬರೀರಿ.”

ನಾನು ಅಧ್ಯಾಪಕರ ಹಾಜರಿ ಪುಸ್ತಕ ತೆರೆದು ತೋರಿಸಿದೆ. ಆ ಆರೂ ದಿನ ನನ್ನ ಹೆಸರಿನ ಮುಂದೆ ನಾನೇ ಕೆಂಪು ಶಾಯಿಯಲ್ಲಿ ಗೈರುಹಾಜರಿ ಹಾಕಿಕೊಂಡಿದ್ದೆ. “ಅವಳಿಗೆ ಹಾಜರಿ ಇಲ್ಲ ಅಂದ್ರೆ ನಂಗೂ ಇಲ್ಲ ಸಾರ್. ಆ ಆರು ದಿನ ಪಾಠ ಮಾಡಿದ್ದು ಯಾರು ಅಂತ ಯೂನಿವರ್ಸಿಟಿಗೆ ನೀವೇ ಬರೀರಿ.”

ಅವರು ಕನ್ನಡಕ ಮತ್ತೆ ಏರಿಸಿ, ಕೆಂಪು ಗುರುತುಗಳನ್ನು ಒಂದೊಂದಾಗಿ ಎಣಿಸಿ, ಪತ್ರವನ್ನು ಇದ್ದ ಹಾಗೇ ವಿಶ್ವವಿದ್ಯಾಲಯಕ್ಕೆ ಕಳಿಸಿದರು.

ಮೂರು ವಾರಕ್ಕೆ ಮನ್ನಾ ಆದೇಶ ಬಂತು. ಅಚ್ಚಾದ ಫಾರಂ, ‘ಅನಾರೋಗ್ಯದ ಕಾರಣ’ ಎಂದು ಮೊದಲೇ ಮುದ್ರಿಸಲಾಗಿತ್ತು. ಕೆಳಗೆ ವಿದ್ಯಾರ್ಥಿನಿ ರುಜು ಹಾಕಿ ವಾಪಸು ಕಳಿಸಿದರೆ ಮಾತ್ರ ಹಾಲ್ ಟಿಕೆಟ್. ಸುಜಾತ ‘ಅನಾರೋಗ್ಯ’ವನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ‘ಬಸ್ಸು’ ಎಂದು ಬರೆದು, ರುಜು ಹಾಕಿದಳು.

“ಇದು ನಡೆಯಲ್ಲ ಕಣಮ್ಮ, ವಾಪಸ್ ಬತ್ತೈತೆ,” ಎಂದರು ಗುಮಾಸ್ತರು.

“ಬರ್ಲಿ ಬಿಡಿ ಸಾರ್. ಇನ್ನೊಂದ್ಸಲ ಹೊಡೆದಾಕ್ತೀನಿ.”

ನಾನು ಆ ತಿದ್ದುಪಡಿಯ ಪಕ್ಕದಲ್ಲಿ, ವಿಭಾಗದ ಸರ್ವಾನುಮತದಿಂದ, ನನ್ನ ಸಹಿ ಹಾಕಿದೆ. ಫಾರಂ ವಾಪಸು ಬರಲಿಲ್ಲ. ಹಾಲ್ ಟಿಕೆಟ್ ಬಂತು. ಅವಳು ಪರೀಕ್ಷೆ ಬರೆದಳು, ಪಾಸಾದಳು.

ಆ ವರ್ಷದ ಉಳಿದ ಟೈಫಾಯಿಡುಗಳಿಗೆ ನಾನು ರುಜು ಹಾಕಿರಲಿಲ್ಲವೇ ಎಂದರೆ, ಹಾಕಿದ್ದೆ, ಅವಳು ನೋಟ್ಸು ತೋರಿಸುವುದಕ್ಕೂ ಮುಂಚೆ. ಮರುವರ್ಷದಿಂದ ಹಾಕಲಿಲ್ಲ. ಹಾಜರಿಯನ್ನು ತರಗತಿಯ ಕೊನೆಗೆ ಕರೆಯತೊಡಗಿದೆ. ಪಾಠ ಹೇಳುವವನು ನೋಟ್ಸು, ಸೀಮೆಸುಣ್ಣಗಳ ಜೊತೆಗೆ ಇನ್ನೊಂದಕ್ಕೂ ಸಿದ್ಧನಾಗಿ ಹೋಗಬೇಕೆಂದು ಆ ವರ್ಷ ನನಗೆ ಕಲಿಸಿತು: ಕೇಳುವವರಲ್ಲಿ ಯಾರಾದರೊಬ್ಬರು ತನ್ನ ಮಾತನ್ನು ನಂಬಿಬಿಡಬಹುದು.